ಕಡಿಮೆ ಬೆಲೆಯ ಕೂಪೆ ಕಾರು ಕೊಳ್ಳುವ ಮುಂಚೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಓಣಿಯಲ್ಲಿ ಯಾರೇ ಹೊಸ ಗಾಡಿ ತಗೊಳ್ಳಬೇಕು ಅಂದ್ರೂ ಶೋರೂಮಿಗೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗ್ತಾರೆ. ಈ ಎರಡು ವರ್ಷಗಳಿಂದ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ತರಹದ ಗಾಡಿಯ ಬಗ್ಗೆ. ಹಿಂದಿನ ಚಾವಣಿ ಇಳಿಜಾರಾಗಿರುವ, ನೋಡೋಕೆ ಸ್ಪೋರ್ಟ್ಸ್ ಕಾರಿನ ಹಾಗಿರುವ, ಆದರೆ ಮನೆಮಂದಿಯೆಲ್ಲ ಕೂರಬಹುದಾದ ಗಾಡಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿದ್ದೇನೆ.

ಕೂಪೆ ಅಂದ್ರೆ ನಿಜವಾಗಿ ಏನು?

ಕೂಪೆ ಎನ್ನುವುದು ಫ್ರೆಂಚ್ ಪದ. ಅರ್ಥ "ಕತ್ತರಿಸಿದ್ದು". ಹಿಂದಿನ ಕಾಲದ ಕುದುರೆ ಸಾರೋಟಿನಲ್ಲಿ ಎದುರುಬದುರು ಎರಡು ಸೀಟು ಇರುತ್ತಿದ್ದವು. ಅದರಲ್ಲಿ ಒಂದನ್ನು ಕತ್ತರಿಸಿ ತೆಗೆದು ಗಿಡ್ಡ ಮಾಡಿದ ಸಾರೋಟಿಗೆ ಆ ಹೆಸರು ಬಂತು. ಕಾರುಗಳ ಕಾಲದಲ್ಲಿ ಎರಡು ಬಾಗಿಲು, ತಗ್ಗಿದ ಚಾವಣಿ, ಹಿಂದೆ ಇಕ್ಕಟ್ಟಾದ ಸೀಟು ಇರುವ ಗಾಡಿಯನ್ನು ಕೂಪೆ ಅಂದರು.

ಈಗ ನಮ್ಮ ಶೋರೂಮುಗಳಲ್ಲಿ ಕೂಪೆ ಅಂತ ತೋರಿಸುವುದು ನಾಲ್ಕು ಬಾಗಿಲಿನ, ಎತ್ತರದ ಎಸ್‌ಯುವಿಯನ್ನು. ಅದರ ಚಾವಣಿಯನ್ನು ಹಿಂದಕ್ಕೆ ಇಳಿಸಿರುತ್ತಾರೆ, ಅಷ್ಟೇ. ಆ ಇಳಿಜಾರಿನಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎನ್ನುವುದೇ ನೋಡಬೇಕಾದ ವಿಷಯ.

ಎರಡು ಬಾಗಿಲಿನ ನಿಜವಾದ ಕೂಪೆ ನಮ್ಮ ಬಜೆಟ್‌ಗೆ ಸಿಗಲ್ವಾ?

ಹೊಸದು ಸಿಗಲ್ಲ. ಹಿಂದೆ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ, ಫೈಬರ್ ಬಾಡಿಯ ಪುಟ್ಟ ಗಾಡಿ ತಯಾರಾಗುತ್ತಿತ್ತು. ಅದು ನಿಂತುಹೋಗಿದೆ. ಫೋರ್ಡ್ ಮಸ್ಟ್ಯಾಂಗ್ 2016ರಲ್ಲಿ ಬಂದಾಗಲೇ 65 ಲಕ್ಷ ಇತ್ತು. ಹಾಗಾಗಿ 10ರಿಂದ 20 ಲಕ್ಷದ ಒಳಗೆ ಹುಡುಕುವವರಿಗೆ ಉಳಿಯುವುದು ಕೂಪೆ ಆಕಾರದ ಎಸ್‌ಯುವಿ, ಇಲ್ಲವೇ ಓಟ ಚೆನ್ನಾಗಿರುವ ಹ್ಯಾಚ್‌ಬ್ಯಾಕ್, ಸೆಡಾನ್.

ಹಾಗಾದ್ರೆ ಯಾವ್ಯಾವ ಗಾಡಿ ನೋಡಬೇಕು?

ಮೊದಲು ಎರಡನ್ನು ನೋಡಿ: ಸಿಟ್ರೊಯೆನ್ ಬಸಾಲ್ಟ್ ಮತ್ತು ಟಾಟಾ ಕರ್ವ್. ಎರಡೂ 2024ರಲ್ಲಿ, ಒಂದು ತಿಂಗಳ ಅಂತರದಲ್ಲಿ ಬಂದವು. ಬಸಾಲ್ಟ್ ಆಗಸ್ಟ್‌ನಲ್ಲಿ 7.99 ಲಕ್ಷಕ್ಕೆ, ಪೆಟ್ರೋಲ್-ಡೀಸೆಲ್ ಕರ್ವ್ ಸೆಪ್ಟೆಂಬರ್‌ನಲ್ಲಿ 9.99 ಲಕ್ಷಕ್ಕೆ. ಎರಡೂ ಆರಂಭಿಕ ಎಕ್ಸ್ ಶೋರೂಮ್ ಬೆಲೆಗಳು, ಅಂದ್ರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ. ಇವತ್ತಿನ ಬೆಲೆಯನ್ನು ಶೋರೂಮಿನಲ್ಲಿ ಬರೆಸಿಕೊಂಡು ಬನ್ನಿ.

ಬಸಾಲ್ಟ್ 4352 ಮಿ.ಮೀ. ಉದ್ದ, ಕರ್ವ್ 4308. ನೋಡೋಕೆ ಹೆಚ್ಚುಕಮ್ಮಿ ಒಂದೇ. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಬಸಾಲ್ಟ್‌ನಲ್ಲಿ 2651, ಕರ್ವ್‌ನಲ್ಲಿ 2560. ಈ 91 ಮಿ.ಮೀ. ಗೊತ್ತಾಗುವುದು ಹಿಂದೆ ಕೂತವರ ಮೊಣಕಾಲಿಗೆ. ಕರ್ವ್‌ನಲ್ಲಿ ಇಂಜಿನ್ ಆಯ್ಕೆ ಜಾಸ್ತಿ, ಸೌಲಭ್ಯ ಜಾಸ್ತಿ. ಬಸಾಲ್ಟ್ ಸರಳ, ಬೆಲೆ ಕಡಿಮೆ.

ಆಕಾರ ಹೇಗಿದ್ದರೂ ಪರವಾಗಿಲ್ಲ, ಓಡಿಸುವ ಖುಷಿ ಬೇಕು ಅನ್ನುವವರು ಹ್ಯುಂಡೈ ಐ20 ಎನ್ ಲೈನ್ ಮತ್ತು 1.5 ಲೀಟರ್ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇರುವ ಫೋಕ್ಸ್‌ವ್ಯಾಗನ್ ವರ್ಟಸ್ ಎರಡನ್ನೂ ಓಡಿಸಿ ನೋಡಿ. ವರ್ಟಸ್‌ನ ಆ ಇಂಜಿನ್ 150 ಪಿಎಸ್ (ಹಾರ್ಸ್ ಪವರ್) ಶಕ್ತಿ ಕೊಡುತ್ತದೆ. ತಿರುವಿನಲ್ಲಿ ಅದು ನೆಲ ಹಿಡಿದು ಹೋಗುವ ರೀತಿ ಈ ಎತ್ತರದ ಕೂಪೆಗಳಿಗೆ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡೋಕೆ ನನಗೆ ಮನಸ್ಸಿಲ್ಲ.

ಗಾಡಿ ಓಡಿಸುವವನು ನಾನು. ಹಿಂದಿನ ಸೀಟಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಲೇಬೇಕು. ಈ ಆಕಾರದ ಗಾಡಿಯಲ್ಲಿ ಅಂದ ನೋಡುವವರಿಗೆ, ತೊಂದರೆ ಹಿಂದೆ ಕೂತವರಿಗೆ. ಅದಕ್ಕೇ ನಾನು ಯಾರ ಜೊತೆ ಶೋರೂಮಿಗೆ ಹೋದರೂ ಮೊದಲು ಹಿಂದಿನ ಬಾಗಿಲು ತೆಗೆಸುತ್ತೇನೆ.

ಒಮ್ಮೆ ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ 68 ವರ್ಷ, ಮೊಣಕಾಲು ನೋವು. ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದು ಮೊದಲು ಕಾಲಿಟ್ಟಳು. ಆಮೇಲೆ ತಲೆ ಬಗ್ಗಿಸಿದಳು. ಬಗ್ಗಿಸಿದ್ದು ಸಾಲಲಿಲ್ಲ, ಚಾವಣಿಯ ಅಂಚು ತುರುಬಿಗೆ ತಾಗಿತು. ಒಳಗೆ ಕೂತ ಮೇಲೆ ಆರಾಮಾಗೇ ಇದ್ದಳು. ಇಳಿಯುವಾಗ ಮತ್ತೆ ಅದೇ. "ಗಾಡಿ ಚಂದ ಐತಿ ತಮ್ಮಾ, ಆದ್ರ ಇಳಿಯಾಕ ಬರವಲ್ದು" ಅಂದಳು. ಆ ಮಾತು ಯಾವ ಬ್ರೋಷರ್‌ನಲ್ಲೂ ಇರಲ್ಲ.

ಅದಕ್ಕೇ ಹೇಳೋದು, ಮನೆಯಲ್ಲಿ ಅತಿ ಎತ್ತರದವರು ಮತ್ತು ಅತಿ ವಯಸ್ಸಾದವರು, ಇಬ್ಬರನ್ನೂ ಕರೆದುಕೊಂಡು ಹೋಗಿ. ಎತ್ತರದವರು ಬೆನ್ನು ಪೂರ್ತಿ ಒರಗಿಸಿ ಕೂರಲಿ. ತಲೆಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿದರೆ ಚಿಂತೆ ಇಲ್ಲ. ಎರಡೇ ಬೆರಳು ಉಳಿದರೆ ಹಂಪ್ ಹಾರಿದಾಗ ತಲೆ ತಾಗುತ್ತದೆ. ವಯಸ್ಸಾದವರು ಯಾರ ಸಹಾಯವೂ ಇಲ್ಲದೆ ಮೂರು ಸಲ ಹತ್ತಿ ಇಳಿಯಲಿ. ಒಂದು ಸಲ ಯಾರು ಬೇಕಾದರೂ ಹತ್ತಬಹುದು. ಮೂರನೇ ಸಲ ನಿಜ ಗೊತ್ತಾಗುತ್ತದೆ.

ಬಸಾಲ್ಟ್‌ನ ಮೇಲಿನ ಮಾದರಿಗಳಲ್ಲಿ ಹಿಂದಿನ ಸೀಟಿನ ತೊಡೆಯ ಭಾಗವನ್ನು ಎತ್ತರಿಸಿಕೊಳ್ಳುವ ವ್ಯವಸ್ಥೆ ಇದೆ. ದೂರದ ಪ್ರಯಾಣಕ್ಕೆ ಅದು ತುಂಬಾ ಒಳ್ಳೆಯದು. ಬಸಾಲ್ಟ್‌ಗೆ ಸನ್‌ರೂಫ್ ಇಲ್ಲ. ಕೆಲವರಿಗೆ ಅದು ಬೇಜಾರು. ಹಿಂದೆ ತಲೆಗೆ ಜಾಗ ಉಳಿಯುತ್ತದೆ ಅಂತ ನನಗೆ ಅದು ಇಷ್ಟ.

ಟೆಸ್ಟ್ ಡ್ರೈವ್ ಎಲ್ಲಿ ಮಾಡಬೇಕು?

ಶೋರೂಮಿನವರು ಹೇಳಿದ ಕಡೆ ಮಾತ್ರ ಅಲ್ಲ. ಅವರು ನಯವಾದ ರಸ್ತೆಯಲ್ಲಿ ಹತ್ತು ನಿಮಿಷ ಸುತ್ತಿಸಿ ವಾಪಸ್ ಕರೆತರುತ್ತಾರೆ. ಅಷ್ಟರಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಅನಿಸುತ್ತದೆ.

ಮೂರು ತರಹದ ರಸ್ತೆ ಬೇಕು ಅಂತ ಮೊದಲೇ ಕೇಳಿಕೊಳ್ಳಿ. ಒಂದು, ಊರೊಳಗಿನ ದಟ್ಟಣೆ. ಹೊಸೂರು ಸರ್ಕಲ್‌ನಿಂದ ಚೆನ್ನಮ್ಮ ಸರ್ಕಲ್ ಕಡೆ ಸಂಜೆ ಆರರ ಹೊತ್ತಿಗೆ ಹೋಗಿ. ಚಿಗರಿ ಬಸ್ಸಿನ ಲೇನ್ ಬಿಟ್ಟು ಉಳಿದ ಜಾಗದಲ್ಲಿ ಆಟೋ, ಬೈಕು, ಟಂಟಂ ಎಲ್ಲ ಒಟ್ಟಿಗೆ ಹೋಗುತ್ತಿರುತ್ತವೆ. ಅಲ್ಲಿ ಕ್ಲಚ್ ಎಷ್ಟು ಭಾರ, ಪಕ್ಕದಿಂದ ನುಗ್ಗುವ ಬೈಕು ಕಾಣುತ್ತದೋ ಇಲ್ಲವೋ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಳೆಯುತ್ತದೋ ಇಲ್ಲವೋ ಎಲ್ಲ ಗೊತ್ತಾಗುತ್ತದೆ.

ಎರಡನೆಯದು ಹೆದ್ದಾರಿ. ಹಾವೇರಿ ಕಡೆಗೆ ಹೆದ್ದಾರಿ 48ರಲ್ಲಿ ಸ್ವಲ್ಪ ದೂರ ಹೋಗಿ. 80ರಲ್ಲಿ ಕಿಟಕಿ ಪೂರ್ತಿ ಮುಚ್ಚಿ ಒಳಗೆ ಮೆಲ್ಲಗೆ ಮಾತಾಡಿ ನೋಡಿ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಟೈರು, ಗಾಳಿಯ ಸದ್ದು ಜಾಸ್ತಿ ಇದೆ ಅಂತ ಅರ್ಥ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನವಲಗುಂದ ಕಡೆಯ ಎರೆಭೂಮಿಯ ಒಳರಸ್ತೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆ ಏರಿಳಿಯುತ್ತದೆ. ಗುಂಡಿ ಇಲ್ಲದಿದ್ದರೂ ರಸ್ತೆ ಅಲೆ ಅಲೆಯಾಗಿರುತ್ತದೆ. ಮುಂದೆ ಕೂತವರಿಗೆ ಅದು ಅಷ್ಟು ಗೊತ್ತಾಗಲ್ಲ. ಹಿಂದಿನ ಚಕ್ರದ ಹತ್ತಿರ ಕೂತವರು ಎದ್ದೆದ್ದು ಕೂರಬೇಕಾಗುತ್ತದೆ. ಅಲ್ಲಿ 50ರಲ್ಲಿ ಹೋಗುವಾಗ ಚಾಲಕನ ಸೀಟು ಬೇರೆಯವರಿಗೆ ಕೊಟ್ಟು ನೀವು ಹಿಂದೆ ಕೂರಿ. ಒಂದು ಅಲೆ ದಾಟಿದ ಮೇಲೆ ಗಾಡಿ ಒಂದೇ ಸಲ ಎದ್ದು ಸುಮ್ಮನಾದರೆ ಸಸ್ಪೆನ್ಷನ್ ಚೆನ್ನಾಗಿದೆ. ಎರಡು ಮೂರು ಸಲ ತೂಗಾಡಿದರೆ ಗದಗಕ್ಕೆ ಹೋಗಿಬರುವಷ್ಟರಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ.

ನಾಲ್ಕು ಜನ ಕೂತೇ ಓಡಿಸಿ. ಒಬ್ಬರೇ ಓಡಿಸಿದಾಗ ಇರುವ ಪಿಕಪ್ ಐದು ಜನ ಕೂತಾಗ ಇರಲ್ಲ.

ಗ್ರೌಂಡ್ ಕ್ಲಿಯರೆನ್ಸ್ ಎಷ್ಟಿದ್ದರೆ ಸಾಕು?

ಗಾಡಿಯ ತಳಕ್ಕೂ ನೆಲಕ್ಕೂ ನಡುವಿನ ಅಂತರ ಇದು. ಕರ್ವ್ 208 ಮಿ.ಮೀ., ಬಸಾಲ್ಟ್ 180, ವರ್ಟಸ್ 179. ಈ ಅಂಕಿ ಖಾಲಿ ಗಾಡಿಯದೋ, ತುಂಬಿದ ಗಾಡಿಯದೋ ಅಂತಲೂ ಕೇಳಿಕೊಳ್ಳಿ.

ನಾನು ಈ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ಮೊದಲ ಕಾರು ಸೆಕೆಂಡ್ ಹ್ಯಾಂಡ್ ಸೆಡಾನ್. ಹಿಂದಿನ ಮಾಲೀಕರು ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದರು. ನೋಡೋಕೆ ಅದ್ಭುತವಾಗಿತ್ತು. ಒಂದು ಭಾನುವಾರ ಐದು ಜನ ಕೂತು ಗದಗಕ್ಕೆ ಮದುವೆಗೆ ಹೊರಟೆವು. ಅಣ್ಣಿಗೇರಿ ಹತ್ತಿರ ಹಳ್ಳಿಯವರೇ ಹಾಕಿದ, ಬಣ್ಣ ಬಳಿಯದ ಒಂದು ಹಂಪ್ ಇತ್ತು. ನಿಧಾನಕ್ಕೇ ಹತ್ತಿಸಿದೆ. ಕೆಳಗೆ ಕರ್ ಅಂತ ಸದ್ದು ಬಂತು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಆಯಿಲ್ ದೀಪ ಹತ್ತಿತು. ಇಳಿದು ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ (ಸಂಪ್) ಸೀಳಿತ್ತು. ದೀಪ ಕಂಡ ತಕ್ಷಣ ಇಂಜಿನ್ ಆಫ್ ಮಾಡಿದ್ದರಿಂದ ಇಂಜಿನ್ ಉಳಿಯಿತು. ಮದುವೆಗೆ ಬಸ್ಸಿನಲ್ಲಿ ಹೋದೆವು.

ಹಳ್ಳಿಗೆ ವಾರಕ್ಕೊಮ್ಮೆ ಹೋಗಿಬರುವವರಿಗೆ 180ಕ್ಕಿಂತ ಕಡಿಮೆ ಇರುವ ಗಾಡಿ ನಾನು ಹೇಳಲ್ಲ. ಬರೀ ಹುಬ್ಬಳ್ಳಿ-ಧಾರವಾಡ ಓಡಾಟ ಇದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ.

ಯಾವ ಇಂಜಿನ್ ತಗೊಂಡರೆ ಸ್ಪೋರ್ಟಿ ಅನಿಸುತ್ತದೆ?

ಟರ್ಬೊ ಇರುವುದು. ಬಸಾಲ್ಟ್‌ನ ಕೆಳಗಿನ ಮಾದರಿಗಳಲ್ಲಿ ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಇಂಜಿನ್ ಬರುತ್ತದೆ, 82 ಪಿಎಸ್. ಊರೊಳಗೆ ಸಾಕು. ಕೂಪೆ ಆಸೆಯಿಂದ ತಗೊಂಡು ಯಲ್ಲಾಪುರ ದಾಟಿ ಅಂಕೋಲಾಕ್ಕೆ ಹೋಗಿ, ವಾಪಸ್ ಬರುವಾಗ ಅರಬೈಲು ಘಾಟ್ ಹತ್ತಿಸಿದಾಗ ಬೇಜಾರಾಗುತ್ತದೆ. ಅದೇ ಗಾಡಿಯ ಟರ್ಬೊ 110 ಪಿಎಸ್, 190 ಎನ್‌ಎಂ ಟಾರ್ಕ್ (ಗಾಡಿ ಎಳೆಯುವ ಬಲ) ಕೊಡುತ್ತದೆ. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ 205.

ಕರ್ವ್‌ನಲ್ಲಿ ಎರಡು ಪೆಟ್ರೋಲ್ ಇವೆ, ಎರಡೂ 1.2 ಲೀಟರ್ ಟರ್ಬೊ. ಒಂದು 120 ಪಿಎಸ್, 170 ಎನ್‌ಎಂ. ಇನ್ನೊಂದು ಹೈಪೀರಿಯನ್ ಅಂತ, 125 ಪಿಎಸ್, 225 ಎನ್‌ಎಂ. ಪಿಎಸ್ ನೋಡಿದರೆ ಬರೀ 5ರ ವ್ಯತ್ಯಾಸ. ಆದರೆ ಹಿಂದಿಕ್ಕುವಾಗ ಕೆಲಸಕ್ಕೆ ಬರುವುದು ಟಾರ್ಕ್. ಗಬ್ಬೂರಿನಿಂದ ನರೇಂದ್ರದವರೆಗೆ ವರ್ಷಗಟ್ಟಲೆ ಎರಡೇ ಲೇನ್ ಇದ್ದ ಬೈಪಾಸಿನಲ್ಲಿ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಎದುರಿಗೆ ಲಾರಿ ಬರುತ್ತಿರುವಾಗ ಮುಂದಿನ ಟ್ಯಾಂಕರ್ ದಾಟೋಕೆ ನಾಲ್ಕು ಸೆಕೆಂಡ್ ಬೇಕೋ, ಏಳು ಸೆಕೆಂಡ್ ಬೇಕೋ ಅನ್ನುವುದು ಜೀವದ ಪ್ರಶ್ನೆ.

ಟೆಸ್ಟ್ ಡ್ರೈವ್‌ನಲ್ಲಿ ಮೂರನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ. ಒತ್ತಿದ ಮೇಲೆ ಗಾಡಿ ಎಳೆಯೋಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಅದೇ ಟರ್ಬೊ ಲ್ಯಾಗ್. ಸ್ವಲ್ಪ ಎಲ್ಲದರಲ್ಲೂ ಇರುತ್ತದೆ. ಅದು ನಿಮ್ಮ ಕೈಗೆ ಒಗ್ಗಬೇಕು, ಅಷ್ಟೇ.

ಡೀಸೆಲ್ ತಗೊಳ್ಳಲಾ?

ಇವೆರಡರಲ್ಲಿ ಡೀಸೆಲ್ ಇರುವುದು ಕರ್ವ್‌ನಲ್ಲಿ ಮಾತ್ರ, 1.5 ಲೀಟರ್, 260 ಎನ್‌ಎಂ. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ದಿನಾ ಹೋಗಿಬರುವವರು, ಬ್ಯಾಡಗಿ ಮಾರುಕಟ್ಟೆ, ದಾವಣಗೆರೆ ಅಂತ ವ್ಯಾಪಾರಕ್ಕೆ ತಿರುಗುವವರು ಕಣ್ಣುಮುಚ್ಚಿ ತಗೊಳ್ಳಿ.

ಆದರೆ ವಿದ್ಯಾನಗರದಿಂದ ಕೇಶ್ವಾಪುರಕ್ಕೆ ಮಗಳನ್ನು ಬಿಟ್ಟುಬರುವುದಷ್ಟೇ ಓಡಾಟ ಆಗಿದ್ದರೆ ಡೀಸೆಲ್ ಬೇಡ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಎನ್ನುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಒಳಗೇ ಬಿಸಿಯಾಗಿ ಮಸಿಯನ್ನು ಸುಟ್ಟು ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ದಿನಾ ಮೂರು ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಅದು ಪೂರ್ತಿ ಆಗುವುದೇ ಇಲ್ಲ. ದೀಪ ಹತ್ತುತ್ತದೆ, ಸರ್ವಿಸ್‌ಗೆ ಓಡಬೇಕಾಗುತ್ತದೆ.

ಮ್ಯಾನ್ಯುವಲ್ಲೋ, ಆಟೋಮ್ಯಾಟಿಕ್ಕೋ?

ಬಸಾಲ್ಟ್‌ನ ಆಟೋಮ್ಯಾಟಿಕ್ 6 ಗೇರಿನ ಟಾರ್ಕ್ ಕನ್ವರ್ಟರ್. ಮೆತ್ತಗೆ ಹೋಗುತ್ತದೆ, ದಟ್ಟಣೆಗೆ ಒಳ್ಳೆಯದು. ಕರ್ವ್‌ನದು 7 ಗೇರಿನ ಡ್ಯುಯಲ್ ಕ್ಲಚ್. ಗೇರು ಬದಲಾಗುವುದು ತುಂಬಾ ಬೇಗ, ಹೆದ್ದಾರಿಯಲ್ಲಿ ಖುಷಿ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಮೇಲೆ ಗಾಡಿಯನ್ನು ಹಿಡಿದಿಡುವ ಅಭ್ಯಾಸ ಇದ್ದರೆ ಬಿಡಿ. ಬ್ರೇಕ್ ಒತ್ತಿ ನಿಲ್ಲಿಸಿ. ಆಕ್ಸಿಲರೇಟರ್ ಮೇಲೆ ಹಿಡಿದಿಟ್ಟರೆ ಕ್ಲಚ್ ಬಿಸಿಯಾಗುತ್ತದೆ.

ಓಡಿಸುವ ಖುಷಿಗೆ ನನಗೆ ಈಗಲೂ ಮ್ಯಾನ್ಯುವಲ್ಲೇ ಇಷ್ಟ. ಮನೆಯವರೂ ಓಡಿಸುತ್ತಾರೆ ಅಂದರೆ ಅವರನ್ನೇ ಕೇಳಿ.

ಹಿಂದಿನ ಗಾಜಿನಿಂದ ಸರಿಯಾಗಿ ಕಾಣುತ್ತದಾ?

ಕಡಿಮೆ ಕಾಣುತ್ತದೆ. ಗಾಜು ಮಲಗಿದ ಹಾಗೆ ಇರುವುದರಿಂದ ಕನ್ನಡಿಯಲ್ಲಿ ಒಂದು ಪಟ್ಟಿಯಷ್ಟೇ ಸಿಗುತ್ತದೆ. ಹಿಂದೆ ಮೂರು ಜನ ಕೂತರೆ ಅದೂ ಇಲ್ಲ. ಅದರ ಮೇಲೆ ಧೂಳು. ಶಿರಹಟ್ಟಿ, ಮುಂಡರಗಿ ಕಡೆಯ ಕೆಮ್ಮಣ್ಣಿನ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋದರೆ ಗಾಜು ಪೂರ್ತಿ ಮುಚ್ಚಿಹೋಗುತ್ತದೆ. ಹಿಂದೆ ವೈಪರ್ ಇದೆಯೋ ಇಲ್ಲವೋ ನೀವು ತಗೊಳ್ಳುವ ಮಾದರಿಯಲ್ಲೇ ನೋಡಿ. ರಿವರ್ಸ್ ಕ್ಯಾಮೆರಾ ಇಲ್ಲದ ಮಾದರಿ ಈ ಆಕಾರದಲ್ಲಿ ಬೇಡವೇ ಬೇಡ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮಕ್ಕಳು ಗಾಡಿಯ ಹಿಂದೆಯೇ ಆಡುತ್ತಿರುತ್ತಾರೆ.

ಬೇಸಿಗೆಯಲ್ಲಿ ಒಳಗೆ ಕಾಯುತ್ತದಾ?

ಕಾಯುತ್ತದೆ. ಇಳಿಜಾರು ಗಾಜಿನಿಂದ ಬಿಸಿಲು ನೇರವಾಗಿ ಹಿಂದೆ ಕೂತವರ ಕತ್ತಿನ ಮೇಲೆ ಬೀಳುತ್ತದೆ. ಗದಗದ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಹಿಂದಕ್ಕೆ ಎಸಿ ಗಾಳಿ ಬರುವ ಕಿಂಡಿ ಇರಲೇಬೇಕು. ಟೆಸ್ಟ್ ಡ್ರೈವ್ ಮಧ್ಯಾಹ್ನ ಎರಡಕ್ಕೆ, ಬಿಸಿಲಲ್ಲಿ ನಿಂತ ಗಾಡಿಯಲ್ಲೇ ಮಾಡಿ. ಕಪ್ಪು ಫಿಲ್ಮ್ ಅಂಟಿಸಿ ಪಾರಾಗೋಣ ಅಂದುಕೊಳ್ಳಬೇಡಿ. ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಹಾದುಹೋಗಬೇಕು.

ದೊಡ್ಡ ಚಕ್ರ ಒಳ್ಳೆಯದಾ?

ನೋಡೋಕೆ ಒಳ್ಳೆಯದು. ಕರ್ವ್‌ನ ಮೇಲಿನ ಮಾದರಿಗಳಲ್ಲಿ 18 ಇಂಚಿನ ಅಲಾಯ್ ಬರುತ್ತದೆ. ಚಕ್ರ ದೊಡ್ಡದಾದಷ್ಟೂ ಟೈರಿನ ರಬ್ಬರ್ ಗೋಡೆ ತೆಳ್ಳಗೆ. ಚೂಪಾದ ಗುಂಡಿ ಹೊಡೆದಾಗ ಆ ಗೋಡೆ ಉಬ್ಬುತ್ತದೆ, ಆಮೇಲೆ ಟೈರು ಬದಲಿಸಲೇಬೇಕು. ದೊಡ್ಡ ಟೈರಿನ ಬೆಲೆಯೂ ಜಾಸ್ತಿ. ನನ್ನನ್ನು ಕೇಳಿದರೆ ನಮ್ಮ ರಸ್ತೆಗೆ 16, 17 ಸಾಕು.

ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ?

ಕರ್ವ್ 500 ಲೀಟರ್, ಬಸಾಲ್ಟ್ 470. ಎರಡರಲ್ಲೂ ಹಿಂದಿನ ಗಾಜಿನ ಸಮೇತ ಬಾಗಿಲು ಮೇಲೇಳುವುದರಿಂದ ಬಾಯಿ ಅಗಲ. ಜಾತ್ರೆಗೆ ಹೋಗುವ ಸಾಮಾನು, ರೊಟ್ಟಿ ಗಂಟು, ದೊಡ್ಡ ಸ್ಟೀಲ್ ಡಬ್ಬಿ ಎಲ್ಲ ಕೂರುತ್ತವೆ. ಎತ್ತರದ್ದು ಮಾತ್ರ ಕೂರಲ್ಲ. ಜೋಳದ ಚೀಲ ನಿಲ್ಲಿಸಬೇಡಿ, ಮಲಗಿಸಿ.

ಸುರಕ್ಷತೆಯಲ್ಲಿ ಯಾವುದು ಮುಂದೆ?

ಕರ್ವ್. ಗಾಡಿಯನ್ನು ಡಿಕ್ಕಿ ಹೊಡೆಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ 5 ನಕ್ಷತ್ರ, ಬಸಾಲ್ಟ್‌ಗೆ 4. ಎರಡರಲ್ಲೂ 6 ಏರ್‌ಬ್ಯಾಗ್ ಇವೆ. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಇದು ಯಾವುದೂ ಪ್ರಯೋಜನಕ್ಕೆ ಬರಲ್ಲ. ಕಬ್ಬಿನ ಹಂಗಾಮಿನಲ್ಲಿ ಧಾರವಾಡ-ಹಳಿಯಾಳ ರಸ್ತೆಯಲ್ಲಿ ರಾತ್ರಿ ಹೋಗಿ ನೋಡಿ. ಹಿಂದೆ ದೀಪವೂ ಇಲ್ಲದ ಟ್ರೇಲರ್ ಇದ್ದಕ್ಕಿದ್ದಂತೆ ಎದುರಾಗುತ್ತದೆ. ಅದಕ್ಕೇ ಹೆಡ್‌ಲೈಟ್ ಹೇಗಿದೆ ಅಂತ ಕತ್ತಲಾದ ಮೇಲೂ ಒಮ್ಮೆ ಓಡಿಸಿ ನೋಡಿ ಅನ್ನುತ್ತೇನೆ.

ಎಕ್ಸ್ ಶೋರೂಮ್ ಬೆಲೆಗೂ ಆನ್‌ರೋಡ್ ಬೆಲೆಗೂ ಯಾಕೆ ಇಷ್ಟೊಂದು ವ್ಯತ್ಯಾಸ?

ಕರ್ನಾಟಕದ ರಸ್ತೆ ತೆರಿಗೆ ಜಾಸ್ತಿ. ಪೆಟ್ರೋಲ್, ಡೀಸೆಲ್ ಕಾರಿಗೆ 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಇದು ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ. 10 ಲಕ್ಷದ ಗೆರೆ ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ.

ಲೆಕ್ಕ ಹಾಕಿ ನೋಡಿ. 9,95,000 ರೂಪಾಯಿಯ ಗಾಡಿಗೆ ತೆರಿಗೆ 1,39,300, ಸೆಸ್ 15,323, ಒಟ್ಟು 1,54,623. ಅದೇ 10,05,000 ರೂಪಾಯಿಯ ಗಾಡಿಗೆ ಸೆಸ್ ಸೇರಿ ಸುಮಾರು 1,89,640. ಗಾಡಿಯ ಬೆಲೆ 10 ಸಾವಿರ ಜಾಸ್ತಿ, ತೆರಿಗೆ 35 ಸಾವಿರ ಜಾಸ್ತಿ! 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕೂಡ ಕಟ್ಟಬೇಕು. ಅದನ್ನು ಆದಾಯ ತೆರಿಗೆ ರಿಟರ್ನ್ಸ್ ತುಂಬುವಾಗ ಹೊಂದಿಸಿಕೊಳ್ಳಬಹುದು. ಹಾಗಾಗಿ 10 ಲಕ್ಷದ ಆಸುಪಾಸಿನಲ್ಲಿ ಎರಡು ಮಾದರಿಗಳ ನಡುವೆ ತೂಗಾಡುತ್ತಿದ್ದರೆ ಈ ಲೆಕ್ಕ ಹಾಕದೆ ಬುಕ್ ಮಾಡಬೇಡಿ.

ಜಿಎಸ್‌ಟಿ ವಿಷಯವೂ ಇದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ. 18. ಅದಕ್ಕಿಂತ ಉದ್ದದವಕ್ಕೆ ಶೇ. 40. ಈ ಎರಡೂ ಕೂಪೆಗಳು 4 ಮೀಟರ್ ದಾಟಿವೆ. ಐ20 ಎನ್ ಲೈನ್ ದಾಟಿಲ್ಲ.

ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತೇನೂ ಇಲ್ಲ. ಹೊರಗೆ ಎರಡು ಕಡೆ ಕೇಳಿ, ಆ ಕಾಗದ ಹಿಡಿದುಕೊಂಡು ಹೋಗಿ ಚೌಕಾಶಿ ಮಾಡಿ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬರೆದಿದ್ದರೆ ಯಾವುದಕ್ಕೆ ಅಂತ ಕೇಳಿ, ತೆಗೆಸಿ.

ಸಾಲ ಎಷ್ಟು ವರ್ಷಕ್ಕೆ ಮಾಡಲಿ?

10 ಲಕ್ಷಕ್ಕೆ ಶೇ. 9 ಬಡ್ಡಿ ಅಂತ ಇಟ್ಟುಕೊಳ್ಳಿ. 5 ವರ್ಷಕ್ಕೆ ತಿಂಗಳ ಕಂತು ಸುಮಾರು 20,760, ಒಟ್ಟು ಬಡ್ಡಿ 2.45 ಲಕ್ಷ. 7 ವರ್ಷಕ್ಕೆ ಕಂತು 16,090, ಬಡ್ಡಿ 3.51 ಲಕ್ಷ. ಕಂತು ಹಗುರ ಆಯ್ತು ಅಂತ ಒಂದು ಲಕ್ಷ ಜಾಸ್ತಿ ಕೊಟ್ಟ ಹಾಗಾಯ್ತು. 5 ವರ್ಷದ ಕಂತು ಕಟ್ಟೋಕೆ ಆಗಲ್ಲ ಅಂದರೆ ಒಂದು ಮಾದರಿ ಕೆಳಗಿನದು ನೋಡಿ.

ನಾವು ಗದಗದವರು, ಹಾವೇರಿಯವರು. ಸರ್ವಿಸ್‌ಗೆ ಹುಬ್ಬಳ್ಳಿಗೇ ಬರಬೇಕಾ?

ಬುಕ್ ಮಾಡುವ ಮೊದಲೇ ಇದನ್ನು ತಿಳಿದುಕೊಳ್ಳಿ. ಟಾಟಾದ ಸರ್ವಿಸ್ ಜಾಲ ದೊಡ್ಡದು, ಸಿಟ್ರೊಯೆನ್‌ದು ಅಷ್ಟು ದೊಡ್ಡದಲ್ಲ. ಮುಂಡರಗಿಯಿಂದ ಪ್ರತಿ ಸರ್ವಿಸ್‌ಗೂ ಹುಬ್ಬಳ್ಳಿಗೆ ಬರಬೇಕು ಅಂದರೆ ಒಂದು ದಿನದ ಕೆಲಸ ಹೋಯಿತು.

ಸರ್ವಿಸ್ ಸೆಂಟರ್‌ಗೆ ಹೋಗಿ ಮೂರು ಸಾಮಾನಿನ ಬೆಲೆ ಮತ್ತು ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ: ಹೆಡ್‌ಲೈಟ್, ಹಿಂದಿನ ಗಾಜು, ಮುಂದಿನ ಬಂಪರ್. ಕೂಪೆಯ ಹಿಂದಿನ ಗಾಜು ದೊಡ್ಡದು, ಬಾಗಿದ್ದು. ಬೇರೆ ಗಾಡಿಯದು ಹೊಂದಲ್ಲ. ಅಲ್ಲೇ ಹೊರಗೆ ಚಹಾ ಕುಡಿಯುತ್ತಾ ನಿಂತಿರುವ ಇಬ್ಬರು ಮಾಲೀಕರನ್ನು ಮಾತಾಡಿಸಿ. ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ.

ಎಲೆಕ್ಟ್ರಿಕ್ ಕೂಪೆ ನೋಡಬಹುದಾ?

ಮನೆಯಲ್ಲೇ ಚಾರ್ಜ್ ಮಾಡುವ ಜಾಗ ಇದ್ದರೆ ಖಂಡಿತ. ಕರ್ವ್ ಇವಿ 45 ಮತ್ತು 55 ಕಿಲೋವ್ಯಾಟ್-ಅವರ್ ಬ್ಯಾಟರಿಯಲ್ಲಿ 2024ರಲ್ಲಿ ಬಂತು. ಮಹೀಂದ್ರಾ ಬಿಇ 6 ಅದೇ ವರ್ಷ ನವೆಂಬರ್‌ನಲ್ಲಿ 18.90 ಲಕ್ಷದಿಂದ ಶುರುವಾಯಿತು. ಅದರಲ್ಲಿ ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುತ್ತವೆ. ಈ ಬೆಲೆಯಲ್ಲಿ ಸ್ಪೋರ್ಟ್ಸ್ ಕಾರಿನ ಅನುಭವಕ್ಕೆ ಅತಿ ಹತ್ತಿರ ಬರುವುದು ಅದೇ ಅಂತ ನನ್ನ ಅನಿಸಿಕೆ. ಕಂಪನಿ ಹೇಳುವ ಕಿಲೋಮೀಟರ್ ನಂಬಿ ಬೆಂಗಳೂರಿಗೆ ಹೊರಡಬೇಡಿ. ಹೆದ್ದಾರಿಯಲ್ಲಿ ಎಸಿ ಹಾಕಿ 100ರಲ್ಲಿ ಹೋದರೆ ಅದು ಸಾಕಷ್ಟು ಇಳಿಯುತ್ತದೆ. ದಾರಿಯಲ್ಲಿ ಒಮ್ಮೆ ನಿಲ್ಲಿಸುವ ಲೆಕ್ಕ ಇಟ್ಟುಕೊಂಡೇ ಹೊರಡಿ.

ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಸಿಗುತ್ತಲ್ವಾ?

ಕಡಿಮೆಗೇ ಸಿಗುತ್ತದೆ, ಓಡಿಸೋಕೆ ತುಂಬಾ ಖುಷಿಯ ಗಾಡಿ. ಹಳೆಯ 1.2 ಲೀಟರ್ ಜಿಟಿ ಟಿಎಸ್‌ಐನಲ್ಲಿ ಡಿಎಸ್‌ಜಿ ಎನ್ನುವ 7 ಗೇರಿನ ಡ್ರೈ ಕ್ಲಚ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇತ್ತು. ಅದರ ರಿಪೇರಿ ದುಬಾರಿ. 2020ರ ನಂತರದ 1.0 ಲೀಟರ್ ಆಟೋಮ್ಯಾಟಿಕ್‌ನಲ್ಲಿ 6 ಗೇರಿನ ಟಾರ್ಕ್ ಕನ್ವರ್ಟರ್ ಇದೆ. ಹುಡುಕುವುದಾದರೆ ಅದನ್ನು ಹುಡುಕಿ. ಕೆಎ-25, ಕೆಎ-63 ನಂಬರ್ ಪ್ಲೇಟ್ ನೋಡಿ ಊರಿನ ಗಾಡಿ ಅಂತ ನಂಬಿಬಿಡಬೇಡಿ. ಸರ್ವಿಸ್ ದಾಖಲೆ ಕೇಳಿ, ಗುರುತಿನ ಮೆಕ್ಯಾನಿಕ್ ಕೈಯಲ್ಲಿ ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿಸಿ.

ಸೈಲೆನ್ಸರ್ ಬದಲಿಸಿ, ಸ್ವಲ್ಪ ತಗ್ಗಿಸಿದರೆ ಇನ್ನೂ ಚೆನ್ನಾಗಿರಲ್ವಾ?

ಬೇಡ. ವಾರಂಟಿ ಹೋಗುತ್ತದೆ. ಕಂಪನಿ ಕೊಟ್ಟದ್ದನ್ನು ಹಾಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ತಗ್ಗಿಸಿದ ಗಾಡಿಗೆ ಏನಾಯಿತು ಅಂತ ಮೇಲೆ ಹೇಳಿದ್ದೇನೆ.

ಡೆಲಿವರಿ ದಿನ ಏನು ನೋಡಬೇಕು?

ಪೂಜೆ, ಫೋಟೋಕ್ಕಿಂತ ಮುಂಚೆ ಹಗಲು ಬೆಳಕಿನಲ್ಲಿ ಗಾಡಿ ನೋಡಿ. ಆಗುವುದಾದರೆ ನೋಂದಣಿ ಆಗುವ ಮೊದಲೇ ಯಾರ್ಡಿಗೆ ಹೋಗಿ ನೋಡಿ, ಆಗ ಬೇಡ ಅನ್ನೋಕೆ ದಾರಿ ಇರುತ್ತದೆ. ಚಾಸಿ ನಂಬರ್ ಮತ್ತು ತಯಾರಾದ ತಿಂಗಳನ್ನು ಬಿಲ್ಲಿನ ಜೊತೆ ತಾಳೆ ಹಾಕಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 1825 ಅಂದರೆ 2025ರ 18ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರು, ಸ್ಟೆಪ್ನಿ ಎಲ್ಲ ನೋಡಿ.

ಆಮೇಲೆ ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚಿ, ಬಕೆಟ್ ನೀರನ್ನು ಹಿಂದಿನ ಗಾಜಿನ ಮೇಲಂಚಿನಲ್ಲಿ ಸುರಿಸಿ. ಇನ್ನೊಮ್ಮೆ ಸುರಿಸಿ. ಆಮೇಲೆ ಬಾಗಿಲು ತೆಗೆದು, ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ಕೈ ಹಾಕಿ ಮುಟ್ಟಿ ನೋಡಿ. ಇಷ್ಟು ದೊಡ್ಡ ಗಾಜಿನ ಬಾಗಿಲಲ್ಲಿ ರಬ್ಬರ್ ಸರಿಯಾಗಿ ಕೂತಿರದಿದ್ದರೆ ಧಾರವಾಡದ ಮೊದಲ ಜಿಟಿಜಿಟಿ ಮಳೆಗೇ ನೀರು ಒಳಗೆ ಬರುತ್ತದೆ. ಕೈ ಒಣಗಿದ್ದರೆ ಸಹಿ ಹಾಕಿ. ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಿದ್ಧಾರೂಢ ಮಠಕ್ಕೆ ಹೋಗಿಬನ್ನಿ.